ನೆಟ್ಟಗೆ ನಡೆದ ಸುಳ್ಳು

ಗಾಲಿಕುರ್ಚಿಯಲ್ಲಿ ಕೂತಿದ್ದ ಅರುಣಾಗೆ ತಲೆ ಎತ್ತಲು ಮುಖವಿರಲಿಲ್ಲ.

ಹಿಂದಿನಿಂದ ತಳ್ಳುತ್ತಿದ್ದ ಚೀನಾದ ಹುಡುಗಿ ಕಡ್ಡಿಯಂತಿದ್ದಳು. ಅವಳ ಏದುಸಿರು ಅರುಣಾಳ ನೆತ್ತಿಗೆ ತಾಗುತ್ತಿತ್ತು. ಇಳಿದುಬಿಟ್ಟು, 'ನೀನು ಕೂತ್ಕೋ ಮಗಾ, ನಾನು ತಳ್ತೀನಿ' ಅನ್ನೋಣವೆಂದರೆ ಅನ್ನುವುದು ಹೇಗೆ? ಟಿಕೆಟ್ಟಿನ ಪ್ರಕಾರ ಅರುಣಾ ನಡೆಯಲಾರದ ಹೆಂಗಸು.

ನಿಜ ಹೇಳಬೇಕೆಂದರೆ ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ಅವಳಷ್ಟು ನಡೆಯುವವರು ಸಿಗುವುದು ಕಷ್ಟ. ದೇವರಮನೆ ಗುಡ್ಡದ ಬುಡದಲ್ಲಿ ಅವಳದೊಂದು ಹೋಮ್‌ಸ್ಟೇ. ಜಿಮ್ಮಿನಲ್ಲಿ ಮೈ ಬೆಳೆಸಿಕೊಂಡು ಬಂದ ಹುಡುಗರನ್ನು ಗುಡ್ಡ ಹತ್ತಿಸಿ, ಅವರು ಅರ್ಧ ದಾರಿಯಲ್ಲೇ ಹುಲ್ಲಿನ ಮೇಲೆ ಬಿದ್ದುಕೊಂಡಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ನಗುವವಳು. ನಲವತ್ತೈದು ದಾಟಿದರೂ ಏದುಸಿರು ಅವಳ ಹತ್ತಿರ ಸುಳಿದಿರಲಿಲ್ಲ. ಹಾಗೆಯೇ ಮದುವೆಯೂ. ಅಪ್ಪನ ಕಾಯಿಲೆ, ತಂಗಿಯ ಓದು, ತಂಗಿಯ ಮದುವೆ ಅಂತ ಒಂದರ ಹಿಂದೆ ಒಂದು ಬಂದು, ತನ್ನ ಸರದಿ ಬರುವ ಹೊತ್ತಿಗೆ ಊರಿನವರು ಕೇಳುವುದನ್ನೇ ಬಿಟ್ಟಿದ್ದರು.

ಆ ತಂಗಿ ತನುಜಾಳ ಬಾಣಂತನಕ್ಕೆಂದೇ ಮೆಲ್ಬರ್ನಿಗೆ ಹೋಗಿದ್ದು. ಹೋಗುವಾಗ ತಂಗಿಯ ಗಂಡ ಅಭಿಷೇಕ್ ಜೊತೆಗಿದ್ದ. ಬರುವಾಗ ಒಬ್ಬಳೇ, ಅದೂ ಚೀನಾದಲ್ಲಿ ವಿಮಾನ ಬದಲಿಸಿ.

"ಅಕ್ಕಾ, ಆ ಏರ್‌ಪೋರ್ಟ್ ನಮ್ಮ ಮೂಡಿಗೆರೆ ಪೇಟೆಗಿಂತ ದೊಡ್ಡದು. ಅಲ್ಲಿ ಗೂಗಲ್ ನಡೆಯಲ್ಲ, ವಾಟ್ಸಾಪ್ ನಡೆಯಲ್ಲ. ವೀಲ್‌ಚೇರ್ ಹಾಕಿಸಿಬಿಡ್ತೀನಿ, ನೀವು ರಾಣಿ ಹಾಗೆ ಕೂತ್ಕೊಂಡು ಬನ್ನಿ. ಎಲ್ರೂ ಮಾಡೋದೇ ಇದು" ಎಂದಿದ್ದ ಅಭಿಷೇಕ್.

ದಾರಿ ತಪ್ಪಿದರೆ ಎಂಬ ಹೆದರಿಕೆಗೆ ಅರುಣಾ ಒಪ್ಪಿಬಿಟ್ಟಳು. ಈಗ ರಾಣಿಗೆ ಮೈಯೆಲ್ಲಾ ಬೆವರು. ಸೆಕ್ಯುರಿಟಿ ಸಾಲಿನಲ್ಲಿ ಬೆನ್ನು ಬಾಗಿದ ಮುದುಕರೊಬ್ಬರು ಭಾರದ ಚೀಲ ಹಿಡಿದೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅದೇ ವಿಮಾನಕ್ಕೆ ಹೊರಟಿದ್ದ ಗುಜರಾತಿ ಅಜ್ಜಿಯೊಬ್ಬಳು ಅಯ್ಯೋ ಪಾಪ ಎಂಬಂತೆ ನೋಡಿ, ಕೈಚೀಲದಿಂದ ಬಾಮ್ ತೆಗೆದು ಕೊಟ್ಟಳು. ಬೇಡವೆನ್ನಲಾಗದೆ ಅರುಣಾ ಏನೂ ಆಗಿರದ ಮಂಡಿಗೆ ಬಾಮ್ ಹಚ್ಚಿ ನೀವಿಕೊಂಡಳು. ಮಂಡಿಗಿಂತ ಮುಖ ಉರಿಯಿತು.

ಗಾಲಿಕುರ್ಚಿಯವರಿಗೆಂದೇ ಒಂದು ಮೂಲೆಯಲ್ಲಿ ಮೆತ್ತನೆ ಸೀಟುಗಳಿದ್ದವು. ಹುಡುಗಿ ಅವಳನ್ನು ಅಲ್ಲಿ ಕೂರಿಸಿ, ಮಾತು ಅನುವಾದಿಸುವ ಆ್ಯಪ್ ತೆರೆದು ತನ್ನ ಫೋನ್ ಹಿಡಿದಳು. ಭಾಷೆಗಳ ಸಾಲಿನಲ್ಲಿ ಅರುಣಾ ಆಗಲೇ ಕನ್ನಡ ಒತ್ತಿ ತೋರಿಸಿದ್ದಳು. ಹುಡುಗಿ ಚೀನೀ ಭಾಷೆಯಲ್ಲಿ ಏನೋ ಹೇಳಿದಳು, ಫೋನು ಗಟ್ಟಿಯಾಗಿ ಉಲಿಯಿತು: "ಮಾನ್ಯರೇ, ತಾವು ಇಲ್ಲಿಯೇ ವಿರಮಿಸಿರಿ. ಸಕಾಲಕ್ಕೆ ನಾನು ಮರಳಿ ಬರುವೆನು."

ಹುಡುಗಿ ಖಾಲಿ ಕುರ್ಚಿ ತಳ್ಳಿಕೊಂಡು ಹೋದಳು.

"ಯಾರು ಮಾರಾಯ್ರೆ ಈ ಫೋನಿಗೆ ಕನ್ನಡ ಕಲಿಸಿದ್ದು? ನಮ್ಮ ಹೈಸ್ಕೂಲ್ ಮೇಷ್ಟ್ರು ಎದ್ದು ಬಂದ ಹಾಗಾಯ್ತು!"

ಅರುಣಾ ಬೆಚ್ಚಿ ತಿರುಗಿದಳು. ಪಕ್ಕದ ಸೀಟಿನಲ್ಲಿ ಅರೆಬೆಳ್ಳಿ ಮೀಸೆಯ ಗಂಡಸು ಕೂತಿದ್ದ. ಬಾಯಿಗಿಂತ ಮೊದಲು ಕಣ್ಣು ನಗುವ ಜಾತಿಯವನು.

"ನೀವು... ನಮ್ಮ ಕಡೆಯೋರಾ?"

"ಕಳಸ. ಹೊರನಾಡು ರಸ್ತೇಲಿ ಸಣ್ಣ ತೋಟ. ವೀರೇಂದ್ರ ಅಂತ. ಮೆಣಸು ಬಿಡಿಸೋ ಮಿಷಿನ್ ನೋಡಕ್ಕೆ ಇಲ್ಲಿನ ಮೇಳಕ್ಕೆ ಬಂದಿದ್ದೆ. ನೀವು?"

"ಮೂಡಿಗೆರೆ. ದೇವರಮನೆ ಹತ್ರ."

"ಅಯ್ಯೋ, ಮನೆ ಬಾಗಿಲಲ್ಲೇ ಇದ್ದೀರಲ್ಲ! ಮಾತಾಡಿಸಕ್ಕೆ ಚೀನಾಕ್ಕೆ ಬರಬೇಕಾಯ್ತು ನೋಡಿ."

ಅರುಣಾ ನಕ್ಕಳು. ಬೆಳಗಿನಿಂದ ಮೊದಲ ಸಲ. ಅವನ ನೋಟ ಅವಳ ನಗುವಿನ ಮೇಲೆ ಒಂದು ಕ್ಷಣ ಹೆಚ್ಚೇ ನಿಂತಿತು, ಆಮೇಲೆ ಮರ್ಯಾದೆಯಿಂದ ದೂರದ ಬೋರ್ಡಿಗೆ ಹೋಯಿತು. ಅವನು ಮತ್ತೆ ಯಾವಾಗ ಈ ಕಡೆ ನೋಡುತ್ತಾನೋ ಎಂದು ಕಾಯತೊಡಗಿದ ತನ್ನನ್ನು ಕಂಡು ಅವಳಿಗೇ ಸೋಜಿಗವಾಯಿತು.

"ಕಾಲಿಗೆ ಎಂತಾಗಿದ್ದು?" ಅವನ ದನಿ ಮೆತ್ತಗಾಗಿತ್ತು.

"ಮಂಡಿ... ಸವೆದಿದೆ ಅಂತಾರೆ."

"ಥೋ, ಈ ವಯಸ್ಸಿಗೇ! ಹೊರನಾಡಲ್ಲಿ ನಂಗೆ ಗೊತ್ತಿರೋ ಪಂಡಿತರೊಬ್ಬರ ಎಣ್ಣೆ ಇದೆ. ಊರಿಗೆ ಹೋದಮೇಲೆ ತಂದುಕೊಡ್ತೀನಿ. ಮೆಟ್ಟಿಲು ಹತ್ತುವಾಗ ತುಂಬ ನೋಯುತ್ತಾ?"

"ಹ್ಞೂಂ" ಎಂದಳು. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎಂಬುದು ಗೊತ್ತಿದ್ದದ್ದೇ. ಆದರೆ ಇಷ್ಟು ಅಕ್ಕರೆಯಿಂದ ನಂಬುವವರ ಮುಂದೆ ತಲೆ ತಗ್ಗಿಸಲು ಒಂದೇ ಸುಳ್ಳು ಸಾಕಾಗಿತ್ತು. "ನಿಮಗೆ?"

"ನಂದು ಹಾಗೇ... ಸ್ವಲ್ಪ" ಎಂದು ಮಾತು ತೇಲಿಸಿದ.

ಆಮೇಲೆ ಅವನು ಎದ್ದ. ಬಿಸಿನೀರಿನ ನಲ್ಲಿ ಎದುರಿನ ಗೋಡೆಯಲ್ಲಿತ್ತು. ಅಷ್ಟು ದೂರ ನೆಟ್ಟಗೆ ನಡೆದು ಹೋಗಿ, ಎರಡು ಪೇಪರ್ ಲೋಟ ತುಂಬಿಸಿಕೊಂಡು ನೆಟ್ಟಗೇ ನಡೆದು ಬಂದ. ಒಂದು ಹನಿ ತುಳುಕಲಿಲ್ಲ. "ಕುಡೀರಿ. ಈ ದೇಶದಲ್ಲಿ ತಣ್ಣೀರು ಹುಡುಕಬೇಕು, ಬಿಸಿನೀರು ಬೇಕಾದಷ್ಟಿದೆ."

ಅರುಣಾಳ ಎದೆಯ ಮೇಲಿನ ಕಲ್ಲು ಇಳಿಯಿತು. ಓಹೋ, ಇವನೂ ತನ್ನಂಥವನೇ!

"ಸಾಕು ಬಿಡಿ ವೀರೇಂದ್ರ ಅವ್ರೇ, ನಿಮ್ಮ ನಾಟಕ ಗೊತ್ತಾಯ್ತು" ಎಂದಳು, ಕಣ್ಣು ಮಿಟುಕಿಸಿ. "ನಂದೂ ಅದೇ. ಮಂಡಿಗೆ ಎಂತದೂ ಆಗಿಲ್ಲ. ದೇವರಮನೆ ಗುಡ್ಡ ದಿನಾ ಹತ್ತಿ ಇಳೀತೀನಿ. ಕುಂಟರ ಸೀಟಲ್ಲಿ ಕೂತಿರೋ ಇಬ್ರು ಕಳ್ಳರು ನಾವು!"

ಅವನ ತುಟಿಯ ಮೇಲೆ ನಗು ಹಾಗೇ ಉಳಿಯಿತು. ಕಣ್ಣಿನಿಂದ ಮಾತ್ರ ಹೋಗಿಬಿಟ್ಟಿತ್ತು. ಕಾಲ ಬಳಿ ಇದ್ದ ಬ್ಯಾಗಿನ ಜಿಪ್ ಎಳೆದು ಮಡಚಿದ್ದೊಂದು ಕೋಲನ್ನು ಅರ್ಧ ತೆಗೆದು ತೋರಿಸಿದ.

"ನಂದು ನಾಟಕ ಅಲ್ಲ. ಮೆಣಸು ಕೊಯ್ಯುವಾಗ ಏಣಿ ಜಾರ್ತು. ಸೊಂಟದಿಂದ ಮಂಡಿ ತನಕ ರಾಡ್ ಹಾಕಿದಾರೆ."

ಕುಂಟರು ಎಂಬ ತನ್ನದೇ ಮಾತು ಅರುಣಾಳ ಕಿವಿಯಲ್ಲಿ ಕೂತು ಏಳಲೇ ಇಲ್ಲ. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡಳು. ಕೆಳಗೆ ನೋಡಿದರೆ ಫಳಫಳ ಹೊಳೆಯುವ ಕಲ್ಲು, ಅದರಲ್ಲಿ ಅವಳದೇ ಮುಖ.

"ನಾನು... ಗೊತ್ತಾಗ್ಲಿಲ್ಲ..."

"ಪರವಾಗಿಲ್ಲ. ನಿಮ್ಮ ಮಂಡಿ ಚೆನ್ನಾಗಿದೆಯಲ್ಲ, ಸಂತೋಷವೇ. ನೋವು ಯಾರಿಗೂ ಬೇಡ" ಎಂದ. ವ್ಯಂಗ್ಯವಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಅವನು ಬೋರ್ಡು ನೋಡುತ್ತ ಕೂತ. ಈ ಕಡೆ ತಿರುಗಲಿಲ್ಲ.

ಹಾಗೆ ಕೂತಿರುವಾಗಲೇ ಆ ಹುಡುಗಿ ಓಡೋಡಿ ಬಂದಳು. ಒಂದೇ ಒಂದು ಗಾಲಿಕುರ್ಚಿ ತಂದಿದ್ದಳು.

"ಪ್ರವೇಶದ್ವಾರವು ಬದಲಾಗಿದೆ. ಬಹಳ ದೂರವಿದೆ" ಎಂದಿತು ಫೋನು. "ಈಗ ಒಂದೇ ಗಾಲಿಕುರ್ಚಿ ಲಭ್ಯ. ಮೊದಲು ಮಹಿಳೆ. ಮಹನೀಯರು ಕಾಯತಕ್ಕದ್ದು."

"ಬೆಂಗಳೂರಿನ ವಿಮಾನ ಕಾಯುತ್ತಾ?" ವೀರೇಂದ್ರ ಕೇಳಿದ.

"ಖಚಿತವಿಲ್ಲ."

ಅವನು ಅರುಣಾಳ ಕಡೆ ನೋಡಿದ. ಕೋಲು ತೋರಿಸಿದ ಮೇಲೆ ಮೊದಲ ಬಾರಿ. ಫೋನಿನತ್ತ ಬಾಗಿ ಹೇಳಿದ: "ಅವ್ರಿಗೆ ಮಂಡಿ ನೋವು ಜಾಸ್ತಿ. ಅವ್ರನ್ನೇ ಕರ್ಕೊಂಡು ಹೋಗಮ್ಮ. ನಾನು ನಿಧಾನಕ್ಕೆ ಬರ್ತೀನಿ."

ಹುಡುಗಿ ಅರುಣಾಳ ತೋಳು ಹಿಡಿದಳು. ಎದುರಿಗೆ ಗುಜರಾತಿ ಅಜ್ಜಿ, ಅವಳ ಮಗ, ಸೊಸೆ ಎದ್ದು ಹೊರಡಲು ಅಣಿಯಾಗುತ್ತಿದ್ದರು. ತೆಪ್ಪಗೆ ಕೂತುಬಿಟ್ಟರೆ ಅರುಣಾಳ ಮಾನ ಉಳಿಯುತ್ತಿತ್ತು. ಆ ಮಾನವನ್ನು ಉಳಿಸಲೆಂದೇ ಈ ಮನುಷ್ಯ ತನ್ನ ವಿಮಾನವನ್ನು ಬಿಡಲು ಹೊರಟಿದ್ದಾನೆ. ಅವಳಿಗೆ ಅಳು ಒತ್ತರಿಸಿಕೊಂಡು ಬಂತು.

"ನನ್ನ ಕಾಲು ಸರಿಯಾಗಿದೆ" ಎಂದಳು ಫೋನಿಗೆ. "ನಾನು ಸುಳ್ಳು ಹೇಳಿದ್ದೆ. ಕುರ್ಚಿ ಇವರಿಗೆ ಕೊಡಿ."

ಫೋನು ಅದನ್ನು ಚೀನೀ ಭಾಷೆಯಲ್ಲಿ ಇಡೀ ಮೂಲೆಗೆ ಕೇಳುವಂತೆ ಸಾರಿತು. ಅಕ್ಕಪಕ್ಕದವರು ತಿರುಗಿದರು. ಹುಡುಗಿಗೆ ನಂಬಿಕೆಯಾಗಲಿಲ್ಲ, ಮತ್ತೊಮ್ಮೆ ಒತ್ತಿದಳು. ಫೋನು ಮತ್ತೊಮ್ಮೆ ಸಾರಿತು. ಇನ್ನೂ ಇಬ್ಬರು ತಿರುಗಿದರು.

ಇನ್ನು ಉಳಿದದ್ದು ಒಂದೇ ದಾರಿ. ಅರುಣಾ ಎದ್ದು ನಿಂತು, ಸೀರೆ ನೆರಿಗೆ ಎತ್ತಿ ಹಿಡಿದು, ಅಷ್ಟು ಜನರ ಎದುರು ಬಸ್ಕಿ ಹೊಡೆದಳು. ಒಂದು, ಎರಡು, ಮೂರು. ಹೋಂವರ್ಕ್ ಮಾಡದ ದಿನ ಶಾಲೆಯಲ್ಲಿ ಹೊಡೆದದ್ದೇ ಕೊನೆ. ಗುಜರಾತಿ ಅಜ್ಜಿಯ ಬಾಯಿ ತೆರೆದೇ ಇತ್ತು. ಅರುಣಾ ಬಾಮನ್ನು ಅವಳ ಕೈಗೆ ವಾಪಸಿಟ್ಟು, ಕೈ ಮುಗಿದಳು. ಕಣ್ಣಲ್ಲಿ ನೀರು ಧಾರಾಕಾರ.

ಹುಡುಗಿ ಬೈಯಲಿಲ್ಲ. ಅವಳನ್ನೊಮ್ಮೆ ದಿಟ್ಟಿಸಿ, ಕುರ್ಚಿಯ ಹಿಡಿಕೆಯನ್ನು ಅವಳ ಕೈಗೇ ಕೊಟ್ಟಳು. "ಹಾಗಾದರೆ ತಾವೇ ತಳ್ಳಿರಿ. ನಾನು ಇನ್ನೊಬ್ಬ ವೃದ್ಧರನ್ನು ಕರೆತರಬೇಕಾಗಿದೆ. ಹಳದಿ ಬಾಣಗಳನ್ನು ಅನುಸರಿಸಿರಿ. ಭಯ ಬೇಡ."

ಹೀಗೆ, ದಾರಿ ತಪ್ಪೀತೆಂಬ ಹೆದರಿಕೆಗೆ ಕುರ್ಚಿ ಹತ್ತಿದವಳು ಕುರ್ಚಿ ತಳ್ಳಿಕೊಂಡು ದಾರಿ ಹುಡುಕುವಂತಾಯಿತು.

ಹಳದಿ ಬಾಣಗಳು ಒಂದಲ್ಲ ಎರಡಲ್ಲ. ಮೇಲೆ ದೊಡ್ಡದಾಗಿ ಚೀನೀ ಅಕ್ಷರ, ಕೆಳಗೆ ಸಣ್ಣದಾಗಿ ಇಂಗ್ಲಿಷ್. ವೀರೇಂದ್ರ ಓದಿ ಹೇಳುತ್ತಿದ್ದ, ಅವಳು ತಿರುಗಿಸುತ್ತಿದ್ದಳು. ಲಿಫ್ಟ್ ಹತ್ತಿದರು. "ಬಲಕ್ಕೆ" ಎಂದ. ಬಲಕ್ಕೆ ಹೋದರೆ ಘಮಘಮ ಸೆಂಟಿನ ಅಂಗಡಿ, ಮುಂದೆ ದಾರಿಯೇ ಇಲ್ಲ.

"ಕಳಸದವ್ರನ್ನ ನಂಬಿದ್ರೆ ಇಷ್ಟೇ" ಎಂದು ಬಾಯಿಗೆ ಬಂದದ್ದನ್ನು ನುಂಗಿದಳು. ತಮಾಷೆ ಮಾಡುವ ಹಕ್ಕನ್ನು ತಾನು ಕಳೆದುಕೊಂಡಾಗಿದೆ ಅನಿಸಿತ್ತು. ನೆಲ ಒರೆಸುತ್ತಿದ್ದ ಹೆಂಗಸಿಗೆ ಬೋರ್ಡಿಂಗ್ ಪಾಸ್ ತೋರಿಸಿದಳು. ಅವಳು ಒರೆಸುವ ಕೋಲಿನಿಂದಲೇ ಎಡಕ್ಕೆ ತೋರಿಸಿದಳು.

ಆಮೇಲಿನದು ಉದ್ದನೆಯ, ಗಾಜಿನ ಗೋಡೆಯ ದಾರಿ. ಅವಳಿಗೆ ಅವನ ಮುಖ ಕಾಣುತ್ತಿರಲಿಲ್ಲ, ಅವನಿಗೆ ಅವಳದು. ಅದರಿಂದಲೇ ಮಾತು ಬಂತೋ ಏನೋ.

"ನನ್ನನ್ನ ಕ್ಷಮಿಸಿಬಿಡಿ. ಕುಂಟರು ಅಂದುಬಿಟ್ಟೆ."

"ನೋವಾಯ್ತು. ಇಲ್ಲ ಅಂತ ಸುಳ್ಳು ಯಾಕೆ ಹೇಳ್ಲಿ?" ಕುರ್ಚಿಯ ಗಾಲಿ ಕಿರುಗುಟ್ಟಿತು. "ಆದ್ರೆ ತಪ್ಪು ನಿಮ್ಮೊಬ್ಬರದ್ದೇ ಅಲ್ಲ. ಕೋಲಿಲ್ದೆ ನಡೀಲೇಬಾರದು ಅಂದಿದಾರೆ ಡಾಕ್ಟ್ರು. ನಿಮ್ಮನ್ನ ಆ ಹುಡುಗಿ ತಳ್ಕೊಂಡು ಬರೋದು ಕಂಡ ಕೂಡ್ಲೇ ಕೋಲು ಬ್ಯಾಗಿಗೆ ಹಾಕಿದೆ. ನೀರಿಗೆ ಹೋದಾಗ ಹಲ್ಲು ಕಚ್ಕೊಂಡು ನೆಟ್ಟಗೆ ನಡೆದೆ. ಈಗಲೂ ಸೊಂಟ ಸಿಡೀತಿದೆ."

ಅರುಣಾ ಕುರ್ಚಿ ನಿಲ್ಲಿಸಿದಳು.

"ಯಾಕೆ?"

"ಯಾಕೆ ಅಂತ ಕೇಳ್ತೀರಲ್ಲ ಮಾರಾಯ್ರೆ! ನೀವು ನೋಡ್ತಿದ್ರಿ."

ಹಿಂದಿನಿಂದ ಅವಳಿಗೆ ಕಂಡದ್ದು ಅವನ ಕಿವಿಗಳು ಮಾತ್ರ. ಎರಡೂ ಕೆಂಪಗಾಗಿದ್ದವು.

"ಹೆಂಡತಿ ತೀರಿಹೋಗಿ ಎಷ್ಟೋ ವರ್ಷ ಆಯ್ತು. ಆಮೇಲೆ ಯಾರ ಮುಂದೇನೂ ಹೀಗೆ ನಡೀಬೇಕು ಅನ್ನಿಸಿರಲಿಲ್ಲ. ನಾಚಿಕೆ ಆಗುತ್ತೆ ಹೇಳಕ್ಕೆ" ಎಂದ ಅವನು. "ಈಗ ತಳ್ಳಿ, ವಿಮಾನ ಹೋಗುತ್ತೆ."

ಅವಳು ಓಡಿದಳು. ಬಾಗಿಲು ಮುಚ್ಚುವುದರೊಳಗೆ ತಲುಪಿದರು. ವಿಮಾನದಲ್ಲಿ ಅವನ ಸೀಟು ಮುಂದೆ, ಅವಳದು ಹಿಂದೆ. ಬೆಂಗಳೂರಿನಲ್ಲಿ ಅವನ ತೋಟದ ಜೀಪು ಬಂದಿತ್ತು. ಇಬ್ಬರೂ ನಂಬರು ಕೊಟ್ಟುಕೊಂಡರು, ಬರ್ತೀನಿ ಎಂದರು, ಅಷ್ಟೇ.

ತಿಂಗಳು ಕಳೆದರೂ ಫೋನು ಬರಲಿಲ್ಲ. ಅವಳೂ ಮಾಡಲಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡುವುದು? ಅತಿಥಿಗಳು "ಆಂಟಿ, ಏನ್ ಸ್ಟ್ಯಾಮಿನಾ ನಿಮ್ದು!" ಎಂದಾಗಲೆಲ್ಲ ಅವಳಿಗೆ ಬಸ್ಕಿ ನೆನಪಾಗಿ ಮುಖ ಬಾಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಆ ಕೆಂಪು ಕಿವಿಗಳು ನೆನಪಾಗುತ್ತಿದ್ದವು. ಒಳ್ಳೆಯವನೊಬ್ಬ ಮನಸ್ಸು ಬಿಚ್ಚಿದಾಗ ಕುರ್ಚಿ ತಳ್ಳಿಕೊಂಡು ಓಡಿದವಳು ತಾನು, ಒಂದು ಉತ್ತರ ಕೊಡಲಿಲ್ಲವಲ್ಲ ಎಂದು ಹಳಹಳಿಸಿದಳು.

ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು.

"ನಿಮ್ಮ ಗೇಟಿನ ಹತ್ರ ಇದ್ದೀನಿ. ಮನೆ ಮೇಲಿದೆ, ಏರು ಜಾಸ್ತಿ. ಅಲ್ಲೇ ಜಗಲೀಲಿ ನಿಂತ್ಕೊಳ್ಳಿ, ಕೆಳಗೆ ಬರಬೇಡಿ. ನೋಡಿ ಅಷ್ಟೆ."

ಅರುಣಾ ಜಗಲಿಗೆ ಬಂದಳು. ಜೀಪಿನಿಂದ ಇಳಿದ ವೀರೇಂದ್ರ ಕೋಲೂರಿಕೊಂಡು ಏರು ಹತ್ತತೊಡಗಿದ. ಹಲ್ಲು ಕಚ್ಚಲಿಲ್ಲ, ಬೆನ್ನು ಸೆಟೆಸಲಿಲ್ಲ. ಒಂದು ಕಾಲು ಎಳೆಯುತ್ತಿತ್ತು, ಭುಜ ಒಂದು ಕಡೆಗೆ ವಾಲುತ್ತಿತ್ತು, ಪ್ರತಿ ಹೆಜ್ಜೆಗೂ ಮೈ ಪೂರ್ತಿ ಕುಸಿದು ಏಳುತ್ತಿತ್ತು. ನಡುವೆ ನಿಂತು ಉಸಿರು ತೆಗೆದುಕೊಂಡ. ತಿಂಡಿ ತಿನ್ನುತ್ತಿದ್ದ ಅತಿಥಿಗಳೂ ನೋಡುತ್ತಿದ್ದರು. ಓಡಿಹೋಗಿ ಕೈ ಹಿಡಿಯಬೇಕೆಂದು ಅರುಣಾಳ ಜೀವ ಹಾರಿತು. ಆದರೆ ನೋಡಿ ಎಂದಿದ್ದಾನೆ. ಕಣ್ಣು ಕದಲಿಸದೆ ನೋಡಿದಳು.

ಅವನು ಜಗಲಿಯ ಕೆಳಗೆ ಬಂದು ನಿಂತ. ಬೆವರು ಮೀಸೆಯಿಂದ ಇಳಿಯುತ್ತಿತ್ತು.

"ನಾನು ನಡೆಯೋದು ಇಷ್ಟೇ ಚಂದ ಅರುಣಾ ಅವ್ರೇ. ನೋಡಿದ್ರಲ್ಲ. ಈಗ ಹೇಳಿ, ಇನ್ನೊಂದು ಸಲ ಬರಲಾ, ಬೇಡ್ವಾ?"

ಅರುಣಾ ಇಳಿದು ಬಂದಳು. ಅತಿಥಿಗಳ ಎದುರಿಗೇ ಸೆರಗಿನ ತುದಿಯಿಂದ ಅವನ ಹಣೆ ಒರೆಸಿದಳು. ನಾಚಿಕೆ ಆಗಲಿಲ್ಲವೆಂದಲ್ಲ, ಆಯಿತು. ಆದರೂ ಒರೆಸಿದಳು.

"ಬನ್ನಿ. ಆದ್ರೆ ಇನ್ನೊಂದು ಸಲ ನನ್ನ ಮುಂದೆ ನೆಟ್ಟಗೆ ನಡೆದ್ರೆ ನೋಡಿ, ಮನೆ ಒಳಗೆ ಸೇರಿಸಲ್ಲ."