ಕೊನೆಯ ಕಂಪ್ಲೇಂಟ್

"ಅಕ್ಕಾ, ಬಂದ್ರು ನಿನ್ನ ಇಂಟರ್ನೆಟ್ಟು!" ಎಂದು ತಂಗಿ ಬಾಗಿಲಿನಿಂದಲೇ ಕೂಗಿದಳು. "ಕೂದಲು ಸರಿ ಮಾಡ್ಕೋ, ಸಿಗ್ನಲ್ ಚೆನ್ನಾಗಿ ಸಿಗುತ್ತೆ."

"ಬಾಯಿ ಮುಚ್ಚೇ," ಎಂದಳು ಅಕ್ಕ. ಕೂದಲನ್ನು ಮಾತ್ರ ಸರಿ ಮಾಡಿಕೊಂಡಳು.

ಬಿರುಗಾಳಿ ಬೀಸಿ ಇಂಟರ್ನೆಟ್ ನಿಂತು ಎರಡು ದಿನವಾಗಿತ್ತು. ಕೋರ್ಟಿನ ಧ್ವನಿಮುದ್ರಣಗಳನ್ನು ಕೇಳಿ ಟೈಪ್ ಮಾಡಿ ಕಳಿಸುವುದು ಅವಳ ಕೆಲಸ. ಎರಡು ದಿನದಿಂದ ಒಂದು ಪುಟವೂ ಹೋಗಿರಲಿಲ್ಲ. ಆದರೂ ರಿಪೇರಿಗೆ ಆ ಲೈನ್‌ಮ್ಯಾನೇ ಬರುತ್ತಾನೆಂದು ಮೆಸೇಜ್ ಬಂದಾಗ ಅವಳು ಯೋಚಿಸಿದ್ದು ಕೆಲಸದ ಬಗ್ಗೆಯಲ್ಲ. ಆರು ತಿಂಗಳಲ್ಲಿ ಇದು ಅವನ ಮೂರನೆಯ ಭೇಟಿ.

ಲೈನ್‌ಮ್ಯಾನ್ ರೂಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಿನುಗುತ್ತಿದ್ದ ಕೆಂಪು ದೀಪವನ್ನು ನೋಡಿದ. ವೈರಿನ ತುದಿಗೆ ಪೆನ್ನಿನಂಥ ಟಾರ್ಚ್ ಸಿಕ್ಕಿಸಿದ. "ಪರದೆ ಎಳೀತೀರಾ?"

ಎಳೆದಳು. ಕಿಟಕಿಯ ಚೌಕಟ್ಟಿನಡಿ ಕೆಂಪು ಚುಕ್ಕಿಯೊಂದು ಹೊಳೆಯಿತು.

"ಇಲ್ಲೇ ಬೆಳಕು ಸೋರ್ತಿದೆ. ಗಾಳಿಗೆ ಹೆದರಿ ಕಿಟಕಿ ಜೋರಾಗಿ ಎಳ್ದಿದೀರಿ. ವೈರ್ ಸಿಕ್ಕಾಕೊಂಡು ಒಳಗಿನ ಗಾಜಿನ ಎಳೆ ಮುರಿದಿದೆ."

"ಹಾಗಾದ್ರೆ ತಪ್ಪು ನಂದೇ."

"ಬಿರುಗಾಳಿದು ಅಂತ ಬರೀತೀನಿ."

"ಸುಳ್ಳು ಬರೀತೀರಾ?"

"ಗಾಳಿ ಇಲ್ದಿದ್ರೆ ನೀವು ಎಳೀತಿರ್ಲಿಲ್ವಲ್ಲ." ಅವನು ನಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

ಕೂದಲಿನಷ್ಟು ಸಣ್ಣ ಎಳೆಯನ್ನು ಅವನು ಒರೆಸಿ, ಕತ್ತರಿಸಿ, ಜೋಡಿಸುವುದನ್ನು ಅವಳು ನೋಡುತ್ತ ನಿಂತಳು. ಅವನ ಬೆರಳುಗಳಿಗೆ ಅವಸರವಿರಲಿಲ್ಲ. ಇನ್ನೂ ನಿಧಾನವಾದರೆ ಚೆನ್ನಾಗಿತ್ತು ಎನಿಸಿತು. ಇಪ್ಪತ್ತೇ ನಿಮಿಷಕ್ಕೆ ದೀಪ ಹಸಿರಾಯಿತು.

"ನಿಮ್ಮ ಫೋನಿಗೆ ಕೋಡ್ ಬಂದಿರುತ್ತೆ, ನಾಲ್ಕು ಅಂಕಿ. ಹೇಳಿದ್ರೆ ಕಂಪ್ಲೇಂಟ್ ಕ್ಲೋಸ್ ಮಾಡ್ತೀನಿ." ಟಾರ್ಚನ್ನು ಬ್ಯಾಗಿಗೆ ಹಾಕುತ್ತ ಸೇರಿಸಿದ: "ಇದು ನನ್ನ ಕೊನೇ ಕಂಪ್ಲೇಂಟ್. ನಾಳೆಯಿಂದ ಬೇರೆ ಊರು, ಬೇರೆ ಕೆಲಸ."

ಬಾಗಿಲಲ್ಲಿ ಕಿಸಿಕಿಸಿ ನಗುತ್ತಿದ್ದ ತಂಗಿ ಸದ್ದಿಲ್ಲದೆ ಒಳಗೆ ಹೋದಳು.

ಅಕ್ಕನ ಬಳಿಯಿದ್ದದ್ದು ಅವನ ಕಂಪನಿ ಫೋನಿನ ನಂಬರ್. ನಾಳೆ ಅದಕ್ಕೆ ಕರೆ ಮಾಡಿದರೆ ಬೇರೆ ಯಾರದೋ ದನಿ ಕೇಳಿಸುತ್ತದೆ.

"ಕೋಡ್ ಬಂದಿಲ್ಲ," ಎಂದಳು.

"ಬಂದಿದೆ. ನಿಮ್ಮ ಫೋನ್ ಬೆಳಗಿದ್ದು ಇಲ್ಲಿಗೇ ಕಾಣಿಸ್ತು."

"ಹೇಳಿದ್ರೆ ಹೋಗ್ಬಿಡ್ತೀರ."

ಅವನು ತಲೆಯೆತ್ತಿದ. ಮೊದಲ ಬಾರಿಗೆ ರೂಟರನ್ನು ಬಿಟ್ಟು ಅವಳನ್ನು ಪೂರ್ತಿಯಾಗಿ ನೋಡಿದ. "ಹೇಳಿ. ದಯವಿಟ್ಟು."

"ಏಳು. ಸೊನ್ನೆ. ಮೂರು." ಹಸಿರು ದೀಪದತ್ತ ನೋಡಿದಳು. "ಒಂಬತ್ತು."

ಅವನು ಒತ್ತಿದ. ಕಂಪನಿ ಫೋನನ್ನು ಆಫ್ ಮಾಡಿ ಬ್ಯಾಗಿನೊಳಗಿಟ್ಟು ಜಿಪ್ ಎಳೆದ. ಅಂಗಿಯ ಜೇಬಿನಿಂದ ಇನ್ನೊಂದು ಫೋನ್ ತೆಗೆದ. ಅದರ ಗಾಜು ಮೂಲೆಯಲ್ಲಿ ಒಡೆದಿತ್ತು.

"ಡ್ಯೂಟಿಯಲ್ಲಿದ್ದಾಗ ಗ್ರಾಹಕರ ಹತ್ರ ಸ್ವಂತ ಮಾತಾಡೋ ಹಾಗಿಲ್ಲ. ಆರು ತಿಂಗಳು ತಡ್ಕೊಂಡೆ. ಈಗ ಡ್ಯೂಟಿ ಮುಗೀತು." ಅವನು ಹೆಬ್ಬೆರಳನ್ನು ಫೋನಿನ ಖಾಲಿ ಪರದೆಯ ಮೇಲೆ ತಂದ. "ನಿಮ್ಮ ನಂಬರ್ ಹೇಳ್ತೀರಾ?"

ಹತ್ತು ಅಂಕಿ ಹೇಳಲು ಅವಳು ಎಂದೂ ಅಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ.