ಕರಿಹೊಳೆಯ ಒಂಬತ್ತು ದಿನ

ಬಹಳ ಕಾಲದ ಹಿಂದೆ, ಬೆಟ್ಟಗಳು ಜಾಗ ಬದಲಿಸುತ್ತಿದ್ದ ಒಂದು ರಾಜ್ಯದಲ್ಲಿ ಕೆಂಚಣ್ಣನೆಂಬ ಅಂಬಿಗನಿದ್ದ. ಅವನ ಒಬ್ಬಳೇ ಮಗಳು ನೀಲಿಯನ್ನು ಮಾಂತ್ರಿಕನೊಬ್ಬ ಕರಿಹೊಳೆ ಹುಟ್ಟುವ ಬೆಟ್ಟಕ್ಕೆ ಹೊತ್ತೊಯ್ದ. ಒಂಬತ್ತನೆಯ ದಿನ ಸೂರ್ಯ ಮುಳುಗುವುದರೊಳಗೆ ತಂದೆ ಅಲ್ಲಿಗೆ ಮುಟ್ಟದಿದ್ದರೆ ಅವಳು ಕಲ್ಲಾಗುವಳು.

ಕೆಂಚಣ್ಣನ ಜೊತೆ ಮೂವರು ಹೊರಟರು: ಜೇನು ಕೀಳುವ ಬೊಮ್ಮ, ಬಲೆ ಹೆಣೆಯುವ ಸಣ್ಣೀರ, ಕುಂಟುಗಾಲಿನ ದುಗ್ಗಜ್ಜಿ. ದಾರಿ ಬಲ್ಲವಳು ಅಜ್ಜಿಯೊಬ್ಬಳೇ. ಹಿಂದೆ ಅದೇ ಮಾಂತ್ರಿಕ ಹೊತ್ತೊಯ್ದಿದ್ದ ತನ್ನ ಮಗನನ್ನು ಹುಡುಕಿ ಹೋಗಿ ಬರಿಗೈಯಲ್ಲಿ ಮರಳಿದ್ದಳು.

ಅವರ ಊರಿನವರು ಕಾಡಿನಲ್ಲಿ ನಡೆಯುವಾಗ ಎಲ್ಲರಿಗಿಂತ ನಿಧಾನದವರನ್ನು ಮುಂದೆ ಬಿಡುತ್ತಿದ್ದರು. ಅವರನ್ನು ಯಾರೂ ದಾಟುವಂತಿರಲಿಲ್ಲ.

"ಅಜ್ಜೀ, ನಿನಗಿಂತ ಬಸವನಹುಳ ವಾಸಿ" ಎಂದ ಬೊಮ್ಮ.

"ಅದರ ಬೆನ್ನ ಮೇಲೆ ಕೂತು ಬಾ ಮಗಾ. ಅಷ್ಟರಲ್ಲಿ ನಾನು ಅಂಬಲಿ ಕಾಯಿಸಿಟ್ಟಿರ್ತೀನಿ."

ಮೂರನೆಯ ದಿನ ಮಂಜಿನ ಕೋಣವೊಂದು ದಾರಿಗೆ ಅಡ್ಡ ನಿಂತಿತು. "ಕಾಯೋಣ, ಬಿಸಿಲಿಗೆ ಕರಗುತ್ತೆ" ಎಂದಳು ಅಜ್ಜಿ. ಕೆಂಚಣ್ಣ ಕಾಯಲಿಲ್ಲ. ಅವಳನ್ನು ದಾಟಿ ನುಗ್ಗಿದ. ಅವನನ್ನು ತಡೆಯಲು ಓಡಿದ ಬೊಮ್ಮನನ್ನು ಕೋಣ ನುಂಗಿತು.

ಆರನೆಯ ದಿನ ಹೊಳೆಗೆ ಅಡ್ಡಲಾಗಿ ಮಲಗಿದ್ದ ಮೊಸಳೆ, "ಅವಸರದವರಿಗೆ ನನ್ನ ಬೆನ್ನೇ ಸೇತುವೆ" ಎಂದಿತು. ಕೆಂಚಣ್ಣ ಮತ್ತೆ ಅಜ್ಜಿಯನ್ನು ದಾಟಿ ಓಡಿ ಆಚೆ ದಡ ಸೇರಿದ. ಹಿಂದೆ ಬಂದ ಸಣ್ಣೀರನ ಸಮೇತ ಮೊಸಳೆ ಮುಳುಗಿತು. ಅಜ್ಜಿ ಕೋಲೂರಿಕೊಂಡು, ನೀರು ಕಡಿಮೆಯಿದ್ದ ಕಡೆ ಹೊಳೆ ದಾಟಿ ಸಂಜೆಗೆ ಬಂದಳು. ಬೈಯಲಿಲ್ಲ. ಕೆಂಚಣ್ಣನಿಗೆ ಅದೇ ತಡೆಯಲಾಗಲಿಲ್ಲ.

ಒಂಬತ್ತನೆಯ ದಿನ ಬೆಟ್ಟ ಕಂಡಿತು. ಅವನು ಓಡಿದ. ಓಡಿದಷ್ಟೂ ಬೆಟ್ಟ ಹಿಂದೆ ಸರಿಯಿತು. ಸಂಜೆಯಾಗುತ್ತ ಬಂದಾಗ ತಿರುಗಿ ನೋಡಿದರೆ ಅಜ್ಜಿ ಹತ್ತೇ ಹೆಜ್ಜೆ ಹಿಂದಿದ್ದಳು.

"ಅಜ್ಜೀ, ನೀನೂ ಹೀಗೇ ಓಡಿದ್ಯಾ?"

"ಓಡಿದೆ ಮಗಾ. ಆಗ ನನ್ನ ಕಾಲು ಚೆನ್ನಾಗಿತ್ತು."

ಕೆಂಚಣ್ಣ ನೆಲಕ್ಕೆ ಕುಸಿದ. ಮಗಳು ಸಿಗುತ್ತಾಳೆಂಬ ಆಸೆ ಅವನಲ್ಲಿ ಉಳಿದಿರಲಿಲ್ಲ. ಆದರೂ ಎದ್ದು, ದಾರಿ ಬಿಟ್ಟು ನಿಂತ. "ನೀನು ಮುಂದೆ ನಡಿ ಅಜ್ಜೀ."

ಅವಳು ಒಂದು ಹೆಜ್ಜೆ ಇಟ್ಟಳು. ಬೆಟ್ಟ ಒಂದು ಹರದಾರಿ ಹತ್ತಿರ ಬಂತು. ಇನ್ನೊಂದು ಹೆಜ್ಜೆ, ಇನ್ನೊಂದು ಹರದಾರಿ. ಸೂರ್ಯ ಮರದ ತುದಿಗೆ ಇಳಿದಿದ್ದ. ಅವಳನ್ನು ತಳ್ಳಬೇಕೆಂದು ಕೆಂಚಣ್ಣನ ಕೈ ಮೇಲೆದ್ದಿತು. ಆ ಕೈಯನ್ನು ಅವನು ಹಲ್ಲಿನಿಂದ ಕಚ್ಚಿ ಹಿಡಿದು ನಡೆದ. ಸೂರ್ಯ ಮುಳುಗುವ ಮೊದಲೇ ಬೆಟ್ಟ ಮುಟ್ಟಿದರು.

ಮಾಂತ್ರಿಕ ಅವಸರದ ಹೆಜ್ಜೆಗಳನ್ನು ತಿಂದು ಬದುಕುವವನು. ಅಜ್ಜಿ ಮುಂದಾದ ಮೇಲೆ ಅವನಿಗೆ ಒಂದೂ ಸಿಗಲಿಲ್ಲ. ತರಗೆಲೆಯಂತೆ ಒಣಗಿ ಹಾರಿಹೋದ. ಬೊಮ್ಮ ಮಂಜಿನಿಂದ, ಸಣ್ಣೀರ ನೀರಿನಿಂದ ಎದ್ದು ಬಂದರು. ಮೊಣಕಾಲವರೆಗೆ ಕಲ್ಲಾಗಿದ್ದ ನೀಲಿ, "ಅಪ್ಪಾ, ಕಾಲು ಜುಮ್ಮೆನ್ನುತ್ತೆ" ಎಂದಳು.

ಅವಳ ಸುತ್ತ, ಹಿಂದೆಯೇ ಗಡುವು ಮೀರಿ ಕಲ್ಲಾಗಿದ್ದ ಮಕ್ಕಳು ಕಲ್ಲಾಗಿಯೇ ಉಳಿದರು. ಅಜ್ಜಿ ಆ ಕಲ್ಲುಗಳಲ್ಲಿ ಒಂದರ ಮುಖವನ್ನು ಸೆರಗಿನಿಂದ ಒರೆಸಿದಳು.

ಊರಿನ ದಾರಿಯಲ್ಲಿ ನೀಲಿ ಮುಂದೆ ಓಡಿದಾಗ ಕೆಂಚಣ್ಣ ಅವಳ ಕೈ ಹಿಡಿದು ನಿಲ್ಲಿಸಿದ.

ಮುಂದೆ ಎಲ್ಲರೂ ಒಂದೇ ಮನೆಯವರಂತೆ ಸುಖವಾಗಿ ಬಾಳಿದರು. ವರ್ಷಕ್ಕೊಮ್ಮೆ ಐವರೂ ಆ ಕಲ್ಲನ್ನು ನೋಡಲು ಕರಿಹೊಳೆಗುಂಟ ಒಂಬತ್ತು ದಿನ ನಡೆಯುತ್ತಿದ್ದರು. ಮುಂದೆ ದುಗ್ಗಜ್ಜಿ.