ನಾಳೆಗನ್ನಡಿ

ಹುಬ್ಬಳ್ಳಿಯ ಒಂದು ಪ್ರೌಢಶಾಲೆಯ ವಿಜ್ಞಾನ ಕೊಠಡಿಯಲ್ಲಿ ಆಳೆತ್ತರದ ಗಾಜೊಂದು ನಿಂತಿತ್ತು. ಪಕ್ಕದ ಬಟ್ಟಲಿಗೆ ಒಬ್ಬ ಹುಡುಗ ಎಂಜಲಿನ ಹನಿ ಬಿಟ್ಟ. ಗಾಜು ಮಸುಕಾಗಿ ಮತ್ತೆ ತಿಳಿಯಾಯಿತು. ಅದರೊಳಗೆ ಕಾಲು ಊದಿಕೊಂಡ, ಉಬ್ಬಸಪಡುವ ನಡುವಯಸ್ಸಿನ ಗಂಡಸೊಬ್ಬನಿದ್ದ. ಹುಡುಗ ಕೈಯೆತ್ತಿದಾಗ ಅವನೂ ಎತ್ತಿದ. ತರಗತಿಯಲ್ಲಿ ಯಾರೂ ನಗಲಿಲ್ಲ.

ಇದು ನಾಳೆಗನ್ನಡಿ. ಎಂಜಲಿನಲ್ಲಿರುವ ಗುರುತುಗಳಿಂದ ಇತ್ತೀಚಿನ ಆಹಾರವನ್ನು ಅದು ಅರಿಯುತ್ತಿತ್ತು. ಇದೇ ರೂಢಿ ಮುಂದುವರಿದರೆ ನಲವತ್ತರಲ್ಲಿ ದೇಹ ಹೇಗಿದ್ದೀತು ಎಂದು ತೋರಿಸುತ್ತಿತ್ತು. ಕ್ಯಾಲೊರಿಯ ಪಾಠ ಕೇಳಿ ಮಕ್ಕಳು ಬರ್ಗರ್ ಬಿಡುವುದಿಲ್ಲ, ನಾಳಿನ ತಮ್ಮನ್ನೇ ಕಂಡರೆ ಬಿಡುತ್ತಾರೆ ಎಂಬುದು ಅದನ್ನು ರೂಪಿಸಿದ ಡಾ. ಪ್ರಹ್ಲಾದ ಕಟ್ಟಿಯವರ ನಂಬಿಕೆ.

ಮಕ್ಕಳು ಬಿಟ್ಟರು ಕೂಡ. ಗೇಟಿನೆದುರಿನ ಫಾಸ್ಟ್‌ಫುಡ್ ಅಂಗಡಿ ಬಿಕೋ ಎನ್ನತೊಡಗಿತು. ಡಬ್ಬಿಗಳಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ ಬಂದವು. ಒಂಬತ್ತನೇ ತರಗತಿಯ ನೀಲಾ ಮಾತ್ರ ಮೊದಲಿಗಿಂತ ಹೆಚ್ಚು ತಿನ್ನುತ್ತಿದ್ದಳು. ದಿನವೂ ಬರ್ಗರ್, ಕರಿದ ಆಲೂಗಡ್ಡೆ, ಸಿಹಿ ಪಾನೀಯ. ಶಾಲೆ ಬಿಟ್ಟ ಮೇಲೆ ಒಬ್ಬಳೇ ಕನ್ನಡಿಯ ಮುಂದೆ ನಿಲ್ಲುತ್ತಿದ್ದಳು. ಮೆಟ್ಟಿಲೇರಿದರೆ ಏದುಸಿರು ಬರುತ್ತಿತ್ತು. ಅವಳ ರಕ್ತದಲ್ಲಿ ಸಕ್ಕರೆ ಏರುತ್ತಿದೆಯೆಂದು ವೈದ್ಯರು ಎಚ್ಚರಿಸಿದ್ದರು.

ಒಂದು ಸಂಜೆ ವಿಜ್ಞಾನ ಶಿಕ್ಷಕಿ ಗಿರಿಜಾ ಬಡಿಗೇರ ಅವಳ ಪಕ್ಕಕ್ಕೆ ಬಂದು ನಿಂತರು. ಗಾಜಿನೊಳಗೆ ದುಂಡು ಮುಖದ, ಕಣ್ಣ ಕೆಳಗೆ ಕಪ್ಪು ಕಟ್ಟಿದ ಹೆಂಗಸಿದ್ದಳು.

"ಇಕಿನ್ನ ನೋಡಿ ಅಂಜಿಕಿ ಬರಂಗಿಲ್ಲೇನು ನೀಲಾ?"

"ಇಲ್ರಿ ಟೀಚರ್. ನಮ್ಮವ್ವ ಹಿಂಗ ಇದ್ಲು."

ಗಿರಿಜಾ ಅವಳತ್ತ ತಿರುಗಿದರು. ನೀಲಾ ತಾನೇ ಮುಂದುವರಿಸಿದಳು. "ದಪ್ಪ ಆದ ಮ್ಯಾಲೆ ಮಂದಿ ನಗ್ತಾರಂತ ಫೋಟೋ ತಗಿಯಾಕ ಬಿಡ್ತಿದ್ದಿಲ್ಲ. ನನಗ ನೆನಪಿರೋ ಅವ್ವ ಯಾವ ಫೋಟೋದಾಗೂ ಇಲ್ರಿ. ಒಂದ್ಸಲ ನಾಕ್ ದಿನ ರೊಟ್ಟಿ ತಿಂದು ಬಂದೆ. ಮುಖ ಸಣ್ಣದಾತು. ಯಾರೋ ಬ್ಯಾರೆ ಹೆಂಗಸು ಬಂದ್ಲು."

ಸುದ್ದಿ ತಿಳಿದು ಕಟ್ಟಿಯವರು ಧಾರವಾಡದಿಂದ ಬಂದರು. ನೀಲಾಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದರು: "ಇದನ್ನೆಲ್ಲಾ ತಿಂದ್ರ ಏನಾಗ್ತದ, ಗೊತ್ತದ ಏನಮ್ಮಾ?"

"ಗೊತ್ತೈತ್ರಿ ಸರ್. ಮೊದಲ ಕಾಲಿನ ಗಾಯ ಮಾಯಂಗಿಲ್ಲ. ಆಮ್ಯಾಲೆ ಕಣ್ಣು ಮಬ್ಬಾಗ್ತಾವ. ಅವ್ವಗ ಹಂಗ ಆತು."

ಪಾಠ ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು.

"ಮುಖ ಅಳಿಸಿಬಿಡ್ತೇನಿ," ಎಂದರು ಕಟ್ಟಿಯವರು ಕೊನೆಗೆ ಗಿರಿಜಾಗೆ. "ಬರೀ ಹೃದಯ, ಯಕೃತ್ತು, ರಕ್ತನಾಳ ಕಾಣಲಿ. ಬ್ಯಾರೆ ದಾರಿ ಇಲ್ಲ."

"ಮಾಡ್ರಿ ಸರ್. ಆದ್ರ ಅಕಿಗೆ ಹೇಳಿ ಮಾಡ್ರಿ. ಒಮ್ಮೆ ಅಕಿಗೆ ಹೇಳದಂಗ ತಾಯಿ ಹೋಗ್ಯಾಳ."

ಕಟ್ಟಿಯವರೇ ಹೇಳಿದರು. ನೀಲಾ ಅಳಲಿಲ್ಲ, ಹಟವನ್ನೂ ಮಾಡಲಿಲ್ಲ. ಕನ್ನಡಿಯ ಮುಂದೆ ಹೋಗಿ ಜಡೆ ಸರಿಮಾಡಿಕೊಂಡಳು. ಒಳಗಿನ ಹೆಂಗಸೂ ಸರಿಮಾಡಿಕೊಂಡಳು.

"ಉಂಡಿಯೇನ?" ಎಂದಳು ನೀಲಾ, ಮೆಲ್ಲಗೆ.

ಗಾಜಿನೊಳಗಿನ ತುಟಿಗಳೂ ಅದನ್ನೇ ಕೇಳಿದವು. ನೀಲಾ ತಟ್ಟನೆ ತಡೆದು ನಿಂತಳು. ಆ ಮುಖ ತನ್ನನ್ನೇ ಕೇಳುತ್ತಿದೆ ಎಂಬಂತೆ ನೋಡಿದಳು. ಆಮೇಲೆ, "ಇಲ್ಲವ್ವ," ಎಂದು ಉತ್ತರ ಕೊಟ್ಟು, ತಾನೇ ಹಿಂದಕ್ಕೆ ಸರಿದಳು.

ಕಟ್ಟಿಯವರ ಕೈ ಮುಖ ಅಳಿಸುವ ಗುಂಡಿಯ ಮೇಲೆ ಬಹಳ ಹೊತ್ತು ಹಾಗೇ ಇತ್ತು. ಕೊನೆಗೆ ಒತ್ತಿದರು.

ಮುಖವಿಲ್ಲದ ಕನ್ನಡಿಗೆ ಯಾವ ಮಕ್ಕಳೂ ಹೆದರಲಿಲ್ಲ. ಯಕೃತ್ತನ್ನು ತನ್ನದೆಂದು ಯಾರು ಗುರುತಿಸಿಯಾರು? ತಿಂಗಳು ಕಳೆಯುವುದರೊಳಗೆ ಗೇಟಿನೆದುರಿನ ಅಂಗಡಿಯಲ್ಲಿ ಮತ್ತೆ ನೂಕುನುಗ್ಗಲು. ಗಿರಿಜಾ ಕಪ್ಪು ಹಲಗೆಯ ಮೇಲೆ ಪಾಠವನ್ನು ಮೊದಲಿನಿಂದ ಆರಂಭಿಸಿದರು.

ಮಧ್ಯಾಹ್ನ ಅವರು ತಮ್ಮ ಡಬ್ಬಿ ಬಿಚ್ಚಿ ನೀಲಾಳನ್ನು ಕರೆಯುತ್ತಿದ್ದರು. ಮೊದಮೊದಲು ಅವಳು ರೊಟ್ಟಿ ಮುರಿದು ಸುಮ್ಮನೆ ಕೈಯಲ್ಲಿ ಹಿಡಿದು ಕೂರುತ್ತಿದ್ದಳು. ಗಿರಿಜಾ ಅವಸರ ಮಾಡಲಿಲ್ಲ. ಒಂದು ದಿನ ಮಾತ್ರ, "ನಿಮ್ಮವ್ವ ಏನೇನು ಅಡಗಿ ಮಾಡ್ತಿದ್ಲು?" ಎಂದು ಕೇಳಿದರು. ನೀಲಾ ಹೇಳತೊಡಗಿದಳು, ಹೇಳುತ್ತ ಹೇಳುತ್ತ, ತಾನು ಉಣ್ಣುತ್ತಿದ್ದೇನೆಂಬುದನ್ನೇ ಮರೆತಳು.